ಆಷಾಢ, ಅಧಿಕ ಮಾಸ, ಮತ್ತ ಬೆನ್ನಿಗೊಂದು ಚೀಲ

ಮದುವಿ ಫೋಟೋ ತೆಗಿಯೋರಿಗಿ ರಜಾ ಕೊಡೋದು ಪಂಚಾಂಗ ನೋಡ್ರಿ. ಕಲಬುರಗಿ ಸುಪರ್ ಮಾರ್ಕೆಟ್ ಹತ್ರ ನಮ್ದೊಂದು ಸಣ್ಣ ಸ್ಟುಡಿಯೋ ಅದ, ನಾನು ನನ್ನ ಕಾಕಾನ ಮಗ ಇಬ್ರೇ, ಶೂಟಿಂಗ್ ನಂದು, ಆಲ್ಬಮ್ ಅವಂದು. ಫೆಬ್ರವರಿಯಿಂದ ಜೂನ್ ತನಕ ನಾ ಯಾವತ್ತು ಯಾವ ಮಂಟಪದಾಗ ನಿಂತಿರ್ತೀನಿ ಅನ್ನೋದು ನನಗಿಂತ ನಮ್ಮ ಓಣಿ ಐನಾರಿಗೇ ಛಲೋ ಗೊತ್ತು, ಮುಹೂರ್ತ ತೆಗಿಯೋರು ಅವ್ರೇ ಅಲ್ರಿ. 2022ರ ಡಿಸೆಂಬರ್‌ದಾಗ ಒಂದು ನಿಶ್ಚಿತಾರ್ಥದ ಊಟಕ್ಕ ಕುಂತಾಗ ಅವ್ರೇ ಅಂದ್ರು, "ತಮ್ಮಾ, ಬರೋ ವರ್ಷ ನಿನ್ನ ಕ್ಯಾಮೆರಾಕ್ಕ ಎರಡು ತಿಂಗಳು ಉಪವಾಸ ನೋಡು, ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದದ." ಪಂಕ್ತಿಯಾಗ ಕುಂತೋರೆಲ್ಲ ನಕ್ರು. ನಾ ಮನಿಗಿ ಬಂದು ಕ್ಯಾಲೆಂಡರ್ ನೋಡಿದ್ರ ಖರೇನೇ, 2023ರ ಜೂನ್ 19ಕ್ಕ ಆಷಾಢ ಹತ್ತಿ ಜುಲೈ 17ರ ಅಮಾಸಿಗಿ ಮುಗೀತದ, ಮರುದಿನದಿಂದ ಅಧಿಕ ಶ್ರಾವಣ, ಅದು ಮುಗಿಯೋದು ಆಗಸ್ಟ್ 16ಕ್ಕ. ಲೆಕ್ಕ ಹಾಕಿದ್ರ 59 ದಿನ.

ಅಧಿಕ ಮಾಸ ಅಂದ್ರ, ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮಿ ಬೀಳ್ತಾವ, ಆ ಬಾಕಿ ಕೂಡ್ತಾ ಕೂಡ್ತಾ ಮೂರು ವರ್ಷದೊಳಗ ಒಂದು ತಿಂಗಳಷ್ಟು ಆಗ್ತದ, ಆಗ ಒಂದೇ ಸಲ ತೀರಿಸಿ ಬಿಡ್ತಾರ. ನಮ್ಮ ಪಾರ್ಟಿಗಳು ಆಲ್ಬಮ್ ಬಾಕಿನೂ ಹಿಂಗ ತೀರಿಸಿದ್ರ ನಾ ಈಟೊತ್ತಿಗಿ ಇನ್ನೊಂದು ಲೆನ್ಸ್ ತಗೋತಿದ್ದೆ.

ಇನ್ನ ಕಲಬುರಗಿಯಾಗ ಹಿಂದೂ ಪಂಚಾಂಗ ಒಂದೇ ನೋಡಿದ್ರ ನಡಿಯಲ್ಲ. ನಮ್ಮ ಆರ್ಡರ್‌ದಾಗ ಮೂರನೇ ಒಂದು ಪಾಲು ನಿಕಾ ಇರ್ತಾವ, ಅವಕ್ಕ ಆಷಾಢದ ಹಂಗಿಲ್ಲ. ಅದನ್ನೂ ನೋಡಿದೆ, ಜೂನ್ 29ಕ್ಕ ಬಕ್ರೀದ್, ಜುಲೈ 20ರಿಂದ ಮೊಹರಂ ತಿಂಗಳು, ಮೊಹರಂದಾಗ ಅವ್ರೂ ಮದುವಿ ಇಟ್ಕೊಳಲ್ಲ. ಅಂದ್ರ ನಾ ಕಳ್ಕೊಳೋದು ಹೆಚ್ಚಂದ್ರ ಒಂದು ತಿಂಗಳ ನಿಕಾ ಆರ್ಡರ್. ದರ್ಗಾ ಕಡಿ ನನ್ನ ದೋಸ್ತ್ ಒಬ್ಬ ಅದಾನ, ಅವಂದೂ ಇದೇ ಧಂದಾ, "ಭಾಯ್, ಆ ಆರ್ಡರ್ ನೀ ಹಿಡಿ, ಡಿಸೆಂಬರ್‌ದಾಗ ನಾ ನಿನಗ ಎರಡು ಕೊಡ್ತೀನಿ" ಅಂದೆ, ಆತು ಅಂದ. ಎರಡು ಧರ್ಮದ ಕ್ಯಾಲೆಂಡರ್ ಕೂಡಿ ನನಗ ರಜಾ ಕೊಟ್ಟಂಗಾಯ್ತು. ಹಿಂದ ಹನ್ನೊಂದು ವರ್ಷದಾಗ ನಾ ತಗೊಂಡ ದೊಡ್ಡ ರಜಾ ಅಂದ್ರ ಗೋವಾಕ್ಕ ನಾಕು ದಿನ.

ಎಲ್ಲಿಗಿ ಹೋಗೋದು ಅನ್ನೋದು ಮಾತ್ರ ಮೊದಲೇ ತೆಲಿಯಾಗ ಇತ್ತು. ಚಿತ್ತಾಪುರ ತಾಲೂಕಿನ ಸನ್ನತಿ ನಮಗ ದೂರ ಏನಿಲ್ಲ, ಚಂದ್ರಲಾಂಬ ಗುಡಿಗಿ ಸಣ್ಣಾಂವ ಇದ್ದಾಗಿಂದ ಹೋಗೀನಿ. 1986ರಾಗ ಅಲ್ಲಿ ಕಾಳಿ ಗುಡಿ ಛಾವಣಿ ಬಿದ್ದು ಮೂರ್ತಿ ಒಡೀತು, ಆ ಮೂರ್ತಿ ಕೂಡ್ಸಿದ್ದ ಕಲ್ಲು ನೋಡಿದ್ರ ಅದು ಅಶೋಕನ ಶಾಸನ. ಬಾಜೂಕೇ ಕನಗನಹಳ್ಳಿ ಸ್ತೂಪದಾಗ ಅಶೋಕನದೇ ಚಿತ್ರ ಕೆತ್ತ್ಯಾರ, ಬ್ರಾಹ್ಮಿ ಲಿಪಿಯಾಗ 'ರಾಯೋ ಅಸೋಕೋ' ಅಂತ ಹೆಸರು ಹಾಕ್ಯಾರ. ನಾ ಅಲ್ಲಿ ಎಷ್ಟು ಸಲ ಫೋಟೋ ತೆಗದೀನೋ ಲೆಕ್ಕಿಲ್ಲ. ಭೀಮಾ ದಂಡಿ ಮ್ಯಾಲ, ನಮ್ಮ ಶಹಾಬಾದ ಕಲ್ಲಿನಂಥ ಸುಣ್ಣಗಲ್ಲಿನಾಗ ಜಾತಕ ಕಥಿ, ಅಂದ್ರ ಬುದ್ಧನ ಹಿಂದಿನ ಜನ್ಮದ ಕಥಿ, ಕೆತ್ಯಾರ, ಅದೇ ಕಥಿ ಇಂಡೋನೇಷಿಯಾದ ಜಾವಾದಾಗೂ ಕೆತ್ತ್ಯಾರಂತ ಓದಿದ್ದೆ, ಅದನ್ನ ಕಣ್ಣಾರೆ ನೋಡಬೇಕು ಅನ್ನೋದು ಒಂದು. ಇನ್ನೊಂದು, ಖರೇ ಹೇಳ್ತೀನಿ, ಹನ್ನೊಂದು ವರ್ಷ "ಇಕಡಿ ನೋಡ್ರಿ, ಸ್ವಲ್ಪ ನಗ್ರಿ, ಅಕ್ಕಾರೇ ಸೆರಗು ಸರಿ ಮಾಡ್ಕೋರಿ" ಅಂತ ಒದರಿ ಒದರಿ ಸಾಕಾಗಿತ್ತು. ನಾ ಏನೂ ಹೇಳದೇ ಫೋಟೋ ಆಗ್ತಾವೋ ಇಲ್ಲೋ ನೋಡಬೇಕಿತ್ತು.

ಮನಿಯಾಗ ಹೇಳಿದೆ. ಅವ್ವ ಒಂದೇ ಮಾತು, "ಎರಡು ತಿಂಗಳು ತಿರುಗೋ ರೊಕ್ಕದಾಗ ಒಂದು ಹೆಣ್ಣು ನೋಡ್ಕೊಂಡು ಬರಬಹುದಿತ್ತು." ಮುತ್ಯಾಗ ಬ್ಯಾಕ್‌ಪ್ಯಾಕಿಂಗ್ ಅಂದ್ರ ಏನಂತ ತಿಳಿಸಿ ಹೇಳಿದೆ, ಬೆನ್ನಿಗಿ ಒಂದೇ ಚೀಲ, ಹೋಟೆಲ್ ಬುಕ್ ಮಾಡಲ್ಲ, ಅಗ್ಗದಾಗ ಎಲ್ಲಿ ಜಾಗ ಸಿಗ್ತದ ಅಲ್ಲಿ ಮಲಗೋದು, ಬಸ್ಸು ರೈಲು ಹಿಡದು ಊರೂರು ತಿರುಗೋದು. ಪೂರಾ ಕೇಳ್ಕೊಂಡು "ಜೋಳಿಗಿ ಹಾಕ್ಕೊಂಡು ಹೊಂಟೀ ಅನ್ನು" ಅಂದ. ಅದಕ್ಕಿಂತ ಛಲೋ ಅರ್ಥ ನನಗ ಇವತ್ತಿಗೂ ಸಿಕ್ಕಿಲ್ಲ.

ಆಮ್ಯಾಲ ಆರು ತಿಂಗಳು ತಯಾರಿ. ಪಾಸ್‌ಪೋರ್ಟ್ ಮೊದಲು. ಫೀಸು 36 ಪುಟದ್ದಕ್ಕ 1500, 60 ಪುಟದ್ದಕ್ಕ 2000, ನಾ 60ರದ್ದೇ ಮಾಡಿಸಿದೆ, ಒಂದೊಂದು ವೀಸಾ ಪೂರಾ ಪುಟ ತಿಂತದ. ನನ್ನ ಹತ್ತನೇತ್ತೆ ಮಾರ್ಕ್ಸ್ ಕಾರ್ಡಿನಾಗ ಗುಲ್ಬರ್ಗಾ, ಆಧಾರ್‌ದಾಗ ಕಲಬುರಗಿ, 2014ರ ನವೆಂಬರ್ 1ಕ್ಕ ಹೆಸರು ಬದ್ಲಾದದ್ದು ನಮ್ಮಂಥೋರ ಕಾಗದದಾಗ ಇನ್ನ ಅರ್ಧಮರ್ಧ ಉಳದದ. ತೊಂದ್ರಿ ಏನೂ ಆಗಲಿಲ್ಲ, ಆದ್ರ ನಾ ಅಂಜಿ ಎಲ್ಲಾ ಜೆರಾಕ್ಸ್ ಮೂರು ಮೂರು ಸೆಟ್ ಮಾಡಿಸಿಕೊಂಡು ಹೋಗಿದ್ದೆ.

ದಾರಿ ಹಾಕೋದರಾಗ ಮಳಿನೇ ದೊಡ್ಡ ಲೆಕ್ಕ. ಜೂನ್-ಜುಲೈದಾಗ ಥೈಲ್ಯಾಂಡ್, ಕಾಂಬೋಡಿಯಾ, ಲಾವೋಸ್ ಎಲ್ಲಾ ಕಡಿ ಮಳಿಗಾಲ, ವಿಯೆಟ್ನಾಂ ನಡು ಭಾಗದ ಕರಾವಳಿ ಮಾತ್ರ ಆವಾಗ ಒಣ, ಅಲ್ಲಿ ಮಳಿ ಸೆಪ್ಟೆಂಬರ್ ಮ್ಯಾಲ. ಜಾವಾ ಭೂಮಧ್ಯರೇಖೆ ಕೆಳಗಿಂದು, ಅಲ್ಲಿ ಆಗಸ್ಟ್ ಅಂದ್ರ ಪಕ್ಕಾ ಬ್ಯಾಸಗಿ ಥರ ಒಣ. ಹಿಂಗಾಗಿ ಬ್ಯಾಂಕಾಕ್‌ನಿಂದ ಕಾಂಬೋಡಿಯಾ, ಅಲ್ಲಿಂದ ವಿಯೆಟ್ನಾಂ ಉದ್ದಕ, ಲಾವೋಸ್, ಕೊನೀಗಿ ಜಾವಾ. ವೀಸಾ ಆಗಿನ ಲೆಕ್ಕ ಹೇಳ್ತೀನಿ, ಥೈಲ್ಯಾಂಡ್ ಇಳದ ಮ್ಯಾಲ 2000 ಬಾತ್‌ಗೆ 15 ದಿನ, ಕೈಯಾಗ 10,000 ಬಾತ್ ತೋರಿಸಬೇಕು, ಕಾಂಬೋಡಿಯಾ ಇ-ವೀಸಾ 36 ಡಾಲರ್, ವಿಯೆಟ್ನಾಂ 25 ಡಾಲರ್, ಇಂಡೋನೇಷಿಯಾ ಇಳದ ಮ್ಯಾಲ ಐದು ಲಕ್ಷ ರುಪಿಯಾ. ಐದು ಲಕ್ಷ ಅಂತ ಕೇಳಿ ಅವ್ವ ಗಾಬರಿ ಆಗಿದ್ಲು, ನಮ್ಮ ರೂಪಾಯಿಯಾಗ ಮೂರು ಸಾವಿರ ಆಗಲ್ಲ. ಥೈಲ್ಯಾಂಡಿನವ್ರು ನಾ ಬಂದ ಮೂರು ತಿಂಗಳಿಗೆ, ನವೆಂಬರ್‌ದಾಗ, ನಮ್ಮವರಿಗಿ ವೀಸಾನೇ ಬ್ಯಾಡ ಅಂತ ಮಾಡಿದ್ರು. ನನ್ನ ನಸೀಬ.

ಸಾಮಾನಿನ ಮ್ಯಾಲ ಭಾಳ ತಲಿ ಕೆಡಿಸ್ಕೊಂಡೆ. ಅಗ್ಗದ ವಿಮಾನದಾಗ ಕೈಚೀಲ 7 ಕಿಲೋ, ಕ್ಯಾಮೆರಾ ಅಂತೂ ಲಗೇಜಿಗಿ ಹಾಕಂಗಿಲ್ಲ, ಬ್ಯಾಟರಿ ಹಾಕಿದ್ರ ಅದು ರೂಲ್ಸೇ ಅಲ್ಲ. ಮದುವಿಗಿ ಒಯ್ಯೋ 70-200 ಲೆನ್ಸ್ ಒಂದೇ ಒಂದೂವರೆ ಕಿಲೋ ಹತ್ರ ಬರ್ತದ, ಅದನ್ನ ಬಿಟ್ಟೆ. ಡ್ರೋನ್ ಬಿಟ್ಟೆ, ಕಾಂಬೋಡಿಯಾದ ಹಳೇ ಗುಡಿಗಳ ಊರು ಅಂಗ್‌ಕೋರ್‌ದಾಗ ಪರ್ಮಿಷನ್ ಇಲ್ದೇ ಹಾರ್ಸಂಗಿಲ್ಲ, ವಿಯೆಟ್ನಾಂದಾಗೂ ಲೈಸೆನ್ಸ್ ಕೇಳ್ತಾರ, ಐದು ದೇಶದ ಬಾರ್ಡರ್‌ದಾಗ ಅದನ್ನ ಹೊತ್ಕೊಂಡು ಉತ್ತರ ಕೊಡೋರ್ಯಾರು. ಉಳದದ್ದು ಸೋನಿ ಎ7 ಥ್ರೀ ಬಾಡಿ 650 ಗ್ರಾಂ, 24-105 ಲೆನ್ಸ್ 663 ಗ್ರಾಂ, 35 ಎಂಎಂ ಒಂದು 280 ಗ್ರಾಂ. ಪವರ್ ಬ್ಯಾಂಕ್ 20,000ದ್ದು, ಅದು 74 ವ್ಯಾಟ್-ಅವರ್ ಬರ್ತದ, ನೂರರೊಳಗ ಇದ್ರ ವಿಮಾನದಾಗ ನಡೀತದ. ಇದೆಲ್ಲ ಕಿಚನ್ ತಕ್ಕಡಿ ಮ್ಯಾಲ ಇಟ್ಟು ಇಟ್ಟು ತೂಗಿದೆ, ಕಾಕಾನ ಮಗ ಬಂದು ಬಂಗಾರ ತೂಗ್ಲತ್ತೀಯೇನು ಅಂದ.

ತೂಕದ ಇಷ್ಟೆಲ್ಲ ಲೆಕ್ಕ ಆದ ಮ್ಯಾಲ ಅವ್ವ ಖಡಕ್ ರೊಟ್ಟಿ ಮೂವತ್ತು, ಶೇಂಗಾ ಹಿಂಡಿ ಒಂದು ಕಿಲೋ, ಅಗಸಿ ಹಿಂಡಿ ಅರ್ಧ ಕಿಲೋ ತಂದಿಟ್ಲು. ಬ್ಯಾಡ ಅನ್ಲಕ್ ಆಗ್ತದೇನ್ರಿ. ಟ್ರೈಪಾಡ್ ತೆಗದು ಅಲ್ಲಿ ರೊಟ್ಟಿ ಹಾಕಿದೆ. ಬ್ಯಾಂಕಾಕ್ ಮುಟ್ಟೋದ್ರೊಳಗ ಎಲ್ಲಾ ಪುಡಿ ಆಗಿದ್ವು, ಇಪ್ಪತ್ತು ದಿನ ಚಮಚದಾಗ ರೊಟ್ಟಿ ತಿಂದೀನಿ.

ಒಂದು ತಿಂಗಳು ಮೊದಲಿಂದ ತುಂಬಿದ ಚೀಲ ಬೆನ್ನಿಗಿ ಹಾಕ್ಕೊಂಡು ಮುಂಜಾನಿ ಶರಣಬಸವೇಶ್ವರ ಕೆರಿ ಸುತ್ತ ನಡಿಲಕ್ ಶುರು ಮಾಡಿದೆ. ದಿನಾ ವಾಕಿಂಗಿಗಿ ಬರೋ ಹಿರೇರು ಒಬ್ರು ಒಂದು ವಾರ ನೋಡಿ ನೋಡಿ, "ಏನ್ರಿ, ದಿನಾ ಟ್ರೇನ್ ತಪ್ಪಿಸ್ಕೋತೀರೇನು" ಅಂದ್ರು.

ಜೂನ್ 20ಕ್ಕ ರಾತ್ರಿ ಹೈದರಾಬಾದ್ ಬಸ್ಸು. ಏರ್‌ಪೋರ್ಟ್‌ದಾಗ ಮೊದಲು ಕಸ್ಟಮ್ಸ್ ಕೌಂಟರ್ ಹುಡುಕಿ ಕ್ಯಾಮೆರಾ, ಲೆನ್ಸ್ ಸೀರಿಯಲ್ ನಂಬರ್ ಬರಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಂಡೆ, ಇಲ್ಲಂದ್ರ ವಾಪಸ್ ಬರೋವಾಗ ಇದು ಹೊರಗ ಕೊಂಡದ್ದು ಅಂತ ಡ್ಯೂಟಿ ಕೇಳಬಹುದು. ಅರ್ಧ ತಾಸಿನ ಕೆಲ್ಸ, ಫೋಟೋಗ್ರಾಫರ್‌ಗಳು ಯಾರೂ ಬಿಡಬ್ಯಾಡ್ರಿ.

ಬ್ಯಾಂಕಾಕ್‌ದಾಗ ನನ್ನ ಸೊಕ್ಕು ಇಳೀತು. ನಾವು ಬಿಸಿಲ ನಾಡಿನೋರು, 43-44 ಡಿಗ್ರಿಯಾಗ ಸೂಟ್ ಹಾಕ್ಕೊಂಡ ಮದುಮಗನ್ನ ಬಯಲಾಗ ನಿಲ್ಸಿ ಫೋಟೋ ತೆಗದೋರು, ಇವ್ರ 33 ಡಿಗ್ರಿ ಏನು ಮಾಡ್ತದ ಅಂದ್ಕೊಂಡಿದ್ದೆ. ಎರಡು ತಾಸಿನಾಗ ಒಂದು ಕಟ್ಟಿ ಮ್ಯಾಲ ಕುಂತುಬಿಟ್ಟೆ. ನಮ್ಮೂರಾಗ ಬೆವರು ಬಂದದ್ದು ಬಂದಂಗೇ ಆರಿ ಹೋಗ್ತದ, ಆರೋವಾಗ ಮೈ ತಂಪು ಮಾಡ್ತದ. ಅಲ್ಲಿ ಗಾಳಿನೇ ಹಸಿ, ಬೆವರು ಹೋಗೋದೆಲ್ಲಿಗಿ, ಮೈಮ್ಯಾಲೇ ನಿಂತು ಅಂಗಿ ಹಿಂಡೋ ಹಂಗ ಆಗ್ತದ. ಉಪ್ಪು ಸಕ್ರಿ ನೀರು ಕುಡದು ಎರಡು ದಿನ ಬರೇ ಸಂಜಿ ಮುಂದ ಹೊರಗ ಬಿದ್ದೆ.

ಅಲ್ಲಿಂದ ಕಾಂಬೋಡಿಯಾ ಬಾರ್ಡರ್‌ಗೆ ಆಗ ನಸುಕಿನ್ಯಾಗ ಒಂದು ರೈಲು ಇತ್ತು, ಹುವಾ ಲಂಫೋಂಗ್ ಸ್ಟೇಷನ್ನಿಂದ ಅರಣ್ಯಪ್ರಥೇತ್ ತನಕ. ಊರಿನ ಹೆಸರು ನೋಡ್ರಿ, ಅರಣ್ಯಪ್ರದೇಶ. ಥರ್ಡ್ ಕ್ಲಾಸ್ 49 ಬಾತ್, ನಮ್ಮ 120 ರೂಪಾಯಿ ಅಂಥಾದ್ದು, ಆರು ತಾಸು, ಕಿಟಕಿ ತೆಗದು ಕುಂತ್ರ ನಮ್ಮ ವಾಡಿ ಪ್ಯಾಸೆಂಜರ್‌ದಾಗ ಕುಂತಂಗೇ, ಶೇಂಗಾ ಬದ್ಲಿ ಬಾಳಿಎಲಿಯಾಗ ಸುತ್ತಿದ ಅನ್ನ ಮಾರ್ಕೊಂಡು ಬರ್ತಾರ. ಬಾರ್ಡರ್‌ದಾಗ ಕೊರಳಿಗಿ ಕಾರ್ಡ್ ಹಾಕ್ಕೊಂಡ ಒಬ್ಬಾಂವ ಬಂದು ವೀಸಾ ಆಫೀಸ್ ಇಲ್ಲೇ ಅಂತ ಬ್ಯಾರೆ ಒಂದು ಕಟ್ಟಡಕ್ಕ ಕರ್ಕೊಂಡು ಹೊಂಟಿದ್ದ, ನನ್ನ ಹತ್ರ ಪ್ರಿಂಟ್ ಹಾಕಿದ ಇ-ವೀಸಾ ಇತ್ತು, ಕೈಯಾಗ ಎತ್ತಿ ಹಿಡದೆ, ಅಷ್ಟಕ್ಕೇ ತಿರುಗಿ ಹೋದ.

ಅಂಗ್‌ಕೋರ್‌ದಾಗ ಏಳು ದಿನದ ಪಾಸ್ ತಗೊಂಡೆ, 72 ಡಾಲರ್. ಒಂದು ದಿನದ್ದೇ 37 ಅದ, ಹಂಗಾಗಿ ಏಳು ದಿನದ್ದೇ ಅಗ್ಗ. ಪಾಸ್ ಮ್ಯಾಲ ಅಲ್ಲೇ ಕೌಂಟರ್‌ದಾಗ ಫೋಟೋ ತೆಗದು ಹಾಕ್ತಾರ, ಆಕಿ "ನಗು" ಅಂತನೂ ಅನ್ಲಿಲ್ಲ, ಬಾಯಿ ಅರ್ಧ ತೆಗದಾಗ ಒತ್ತಿಬಿಟ್ಲು. ಏಳು ದಿನ ಎಲ್ಲಾ ಗೇಟಿನಾಗ ಆ ಫೋಟೋ ತೋರಿಸ್ಕೋತ ತಿರುಗಿದೆ, ನಾ ತೆಗದ ಎಷ್ಟು ಮಂದಿ ಆಧಾರ್ ಫೋಟೋ ನೆನಪಾದ್ವೋ.

ಮೊದಲ್ನೇ ಮುಂಜಾನಿ ನಾಕೂವರಿಗಿ ಎದ್ದು ಅಂಗ್‌ಕೋರ್ ವಾಟ್ ಮುಂದಿನ ಕೊಳದ ದಂಡಿಗಿ ಹೋಗಿ ನಿಂತೆ. ಮೋಡದೊಳಗ ಒಂದು ಸಣ್ಣ ಬಿರುಕು ಬಿಟ್ಟು ಆಕಾಶ ಗುಲಾಬಿ ಆಗ್ಲತ್ತಿತ್ತು, ಕೊಳದ ತುಂಬ ಮಳಿ ನೀರು, ಐದೂ ಗೋಪುರ ತಲಿಕೆಳಗಾಗಿ ಮೂಡಿದ್ವು. ಕ್ಯಾಮೆರಾ ತೆಗದು ಕಣ್ಣಿಗಿ ಹಚ್ಚಿದ್ರ ಬರೇ ಬೆಳ್ಳಗ. ರಾತ್ರಿಯೆಲ್ಲ ಎಸಿ ರೂಮಿನಾಗ ಇಟ್ಟ ಲೆನ್ಸ್ ತಣ್ಣಗಾಗಿ, ಹೊರಗಿನ ಹಸಿ ಗಾಳಿ ಬಡಿದದ್ದೇ ಗಾಜಿನ ಮ್ಯಾಲೆಲ್ಲ ನೀರು ಕೂಡ್ತು. ಒರಸ್ತೀನಿ, ಮತ್ತ ಬರ್ತದ, ಒರಸ್ತೀನಿ, ಮತ್ತ ಬರ್ತದ. ಇಪ್ಪತ್ತು ನಿಮಿಷ ಹಿಂಗೇ, ಅಷ್ಟರಾಗ ಬಣ್ಣ ಎಲ್ಲಾ ಹೋಗಿ ಬೂದಿ ಆಕಾಶ. ಕಲಬುರಗಿಯಾಗ ಹನ್ನೊಂದು ವರ್ಷದಾಗ ನನಗ ಈ ತ್ರಾಸು ಒಮ್ಮೀನೂ ಬಂದಿಲ್ಲ, ನಮ್ಮ ಗಾಳಿಯಾಗ ನೀರೇ ಇಲ್ಲ, ಲೆನ್ಸಿಗಿ ಫಂಗಸ್ ಅನ್ನೋದು ನಾ ಮಂಗಳೂರಿನವ್ರ ಬಾಯಾಗಷ್ಟೇ ಕೇಳಿದ್ದು. ಆಮ್ಯಾಲಿಂದ ಕ್ಯಾಮೆರಾ ಜಿಪ್ ಇರೋ ಪ್ಲಾಸ್ಟಿಕ್ ಚೀಲದಾಗ ಹಾಕಿ ಗಟ್ಟಿ ಮುಚ್ಚಿ, ಹೊರಗ ಬಂದ ಮ್ಯಾಲೂ ಅರ್ಧ ತಾಸು ಹಂಗೇ ಇಟ್ಟು ಗಾಜು ಬೆಚ್ಚಗಾದ ಮ್ಯಾಲೇ ತೆಗಿಯೋದು ರೂಢಿ ಆಯ್ತು.

ಮರುದಿನ ಗಾಜು ಸರಿ ಇತ್ತು, ಆದ್ರ ನನ್ನ ಮುಂದ ಮೂರು ನೂರು ಮಂದಿ ಫೋನ್ ಎತ್ತಿ ಹಿಡದು ನಿಂತಿದ್ರು. ಅದನ್ನ ನೋಡಿ ನನಗ ನಗು ಬಂತು, ಎಲ್ಲಾ ಮದುವಿಯಾಗ ತಾಳಿ ಕಟ್ಟೋ ಹೊತ್ತಿಗಿ ಒಬ್ಬ ಕಾಕಾ ಫೋನ್ ಹಿಡ್ಕೊಂಡು ನನ್ನ ಲೆನ್ಸಿಗಿ ಅಡ್ಡ ಬರ್ತಾನ, ಆ ಕಾಕಾ ಮೂರು ನೂರು ಆಗಿ ಇಲ್ಲಿಗಿ ಬಂದಾನ. ಗುಡಿ ಬಿಟ್ಟು ಅವ್ರನ್ನೇ ತೆಗದೆ, ಹಿಂದಿಂದ, ಎಲ್ಲಾರ ಫೋನಿನಾಗೂ ಒಂದೊಂದು ಸಣ್ಣ ಅಂಗ್‌ಕೋರ್ ವಾಟ್. ಆ ಊರಿನಾಗ ನಂದು ಅನ್ನಂಗ ಬಂದ ಮೊದಲ್ನೇ ಫೋಟೋ ಅದು.

ಬೆಳಕಿನ ಸುದ್ದಿ ಹೇಳಬೇಕು. ನಮ್ಮೂರ ಮಧ್ಯಾಹ್ನಕ್ಕ ಬೆಳಕು ಅಳಿಯೋ ಮೀಟರ್ ನೋಡೋದೇ ಬ್ಯಾಡ, ಬೆಳಕಿಗಿ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 16, ಸೆಕೆಂಡಿನ ನೂರನೇ ಒಂದು ಪಾಲು, ಕಣ್ಣು ಮುಚ್ಚಿ ಒತ್ತಿದ್ರೂ ಬರ್ತದ. ನೆರಳು ಕರ್ರಗ, ಬೆಳಕು ಬೆಳ್ಳಗ, ಮುಖದ ಮ್ಯಾಲ ಮೂಗಿನ ನೆರಳು ಮೀಸಿ ಥರ ಬೀಳ್ತದ ಅಂತ ನಾವು ಯಾವತ್ತೂ ಬೈಕೋತ ಇರ್ತೀವಿ. ಅಲ್ಲಿ ತಾ ಪ್ರೋಮ್ ಗುಡಿಯಾಗ ಗಿಡದ ಬೇರು ಗೋಡಿ ತಬ್ಕೊಂಡಾವ, ಮ್ಯಾಲ ಎಲಿ, ಅದರ ಮ್ಯಾಲ ಮೋಡ, ಹಗಲು ಹನ್ನೆರಡಕ್ಕ ಐಎಸ್‌ಒ 1600ಕ್ಕ ಏರಸ್ಬೇಕಾಯ್ತು, ಮತ್ತ ನೆರಳೇ ಇಲ್ಲ, ಎಲ್ಲಾ ಕಡಿಯಿಂದ ಒಂದೇ ಸಮ ಬೆಳಕು. ಉಳದ ಫೋಟೋಗ್ರಾಫರ್‌ಗಳು ಇಂಥ ಬೆಳಕಿಗಿ ಕಾಯ್ತಾರಂತ, ನನಗ ಮಾತ್ರ ಉಪ್ಪಿಲ್ಲದ ಸಾರು ಉಂಡಂಗ ಆಗ್ತಿತ್ತು. ವಾರದ ಕೊನೀಗಿ ಬಯೋನ್ ಗುಡಿಯಾಗ ಜೋರು ಮಳಿ ಹತ್ತಿ ಎಲ್ಲಾರೂ ಓಡಿದ್ರು, ಆ ದೊಡ್ಡ ದೊಡ್ಡ ಕಲ್ಲಿನ ಮುಖದ ಮ್ಯಾಲ ನೀರು ಇಳದು ತುಟಿ ಅಷ್ಟೇ ಮಿಂಚ್ಲತ್ತಿತ್ತು, ಅವತ್ತು ಸ್ವಲ್ಪ ರುಚಿ ಹತ್ತಿತು.

ಊಟದ್ದು ಕಠಿಣ, ನಾ ಶುದ್ಧ ಶಾಕಾಹಾರಿ. ಮೀನಿನ ಸಾಸ್ ಎಲ್ಲಾದ್ರಾಗೂ ಇರ್ತದ, ಪಲ್ಯ ಅಂತ ಕೊಟ್ಟದ್ದರಾಗೂ. ಥೈಲ್ಯಾಂಡ್‌ದಾಗ 'ಜೇ', ವಿಯೆಟ್ನಾಂದಾಗ 'ಚಾಯ್', ಈ ಎರಡು ಶಬ್ದದ ಮ್ಯಾಲೇ ನಾ ಬದುಕಿದ್ದು. ಚಹಾ ಅಲ್ರಿ ಅದು, ಸಸ್ಯಾಹಾರ ಅಂತ. ಹ್ವೇ ಊರಿನಾಗ ಒಂದಿನ ನೋಡ್ತೀನಿ, ನಿನ್ನೆ ತನಕ ಹಂದಿ ಮಾಂಸ ಮಾರ್ತಿದ್ದ ಅಂಗಡಿ ಮುಂದೆಲ್ಲ 'ಚಾಯ್' ಅಂತ ಬೋರ್ಡ್. ಏನು ವಿಶೇಷ ಅಂತ ಕೇಳಿದ್ರ ಹಾಸ್ಟೆಲ್ ಹುಡುಗಿ, ಇವತ್ತು ಚಂದ್ರನ ತಿಂಗಳ ಮೊದಲ್ನೇ ದಿನ, ಮೊದಲ್ನೇ ದಿನ ಮತ್ತ ಹದಿನೈದನೇ ದಿನ ಭಾಳ ಮಂದಿ ಮಾಂಸ ತಿನ್ನಲ್ಲ ಅಂದ್ಲು. ಫೋನ್ ತೆಗದು ನೋಡಿದೆ, ಜುಲೈ 18. ನಮ್ಮಲ್ಲಿ ಅಮಾಸಿ ಮುಗದು ಅಧಿಕ ಶ್ರಾವಣದ ಪಾಡ್ಯ. ಮತ್ತ ಮಾತಾಡ್ತಾ ಗೊತ್ತಾದದ್ದು, ಅವರಿಗೂ ಆ ವರ್ಷ ಒಂದು ತಿಂಗಳು ಹೆಚ್ಚಿಗಿ ಬಂದಿತ್ತು, ಅವ್ರ ಎರಡನೇ ತಿಂಗಳು ಎರಡು ಸಲ ಆಗಿತ್ತು. ನಾ ಅವ್ವಗ ಫೋನ್ ಹಚ್ಚಿ ಇಲ್ಲೂ ಅಧಿಕ ಮಾಸ ಅದ ಅಂದೆ, "ಮತ್ತ ಚಂದ್ರ ಅಲ್ಲೇನು ಬ್ಯಾರೆ ಇರ್ತಾನೇನು" ಅಂದ್ಲು.

ಅದಕ್ಕಿಂತ ಮೊದಲು ದಾನಾಂಗ್ ಹತ್ರ ಮೀ ಸೋನ್ ನೋಡಿದ್ದೆ, ಹಿಂದ ಆ ಕಡಿ ಆಳಿದ ಚಾಮ್ ರಾಜರ ಶಿವನ ಗುಡಿಗಳು, ಕೆಂಪು ಇಟ್ಟಂಗಿ, ನಡುವ ಗಾರಿ ಕಾಣಂಗಿಲ್ಲ, ಹ್ಯಾಂಗ ಕೂಡ್ಸ್ಯಾರೋ. 1969ರ ಬಾಂಬಿಗಿ ದೊಡ್ಡ ಗುಡಿ ಉರುಳಿದೆ, ಸುತ್ತ ಈಗೂ ಬಾಂಬಿನ ಕುಣಿ ಅವ, ಹುಲ್ಲು ಬೆಳದದ. ನಮ್ಮ ದೇಶದ ಪುರಾತತ್ವ ಇಲಾಖೆಯವ್ರು ಅಲ್ಲಿ ದುರಸ್ತಿ ಮಾಡ್ಯಾರ, 2020ರಾಗ ಅವರಿಗೇ ಒಂದು ಅಖಂಡ ಲಿಂಗ ಸಿಕ್ತು, ಒಂಬತ್ತನೇ ಶತಮಾನದ್ದು, ಮರಳುಗಲ್ಲಿಂದು. ನಾ ಕೊರಳಾಗ ಲಿಂಗ ಕಟ್ಕೊಂಡಾಂವ, ಆ ಕಲ್ಲಿನ ಮುಂದ ಫೋಟೋ ತೆಗಿಯೋದು ಬಿಟ್ಟು ಸುಮ್ನ ನಿಂತೆ. ಅಲ್ಲೇ ಒಂದು ಬೆಂಗಳೂರು ಜೋಡಿ ಸಿಕ್ತು, ನಾ ಫೋನಿನಾಗ ಮಾತಾಡೋದು ಕೇಳಿ "ಕನ್ನಡಾನಾ ಇದು, ತೆಲುಗು ಅಂದ್ಕೊಂಡ್ವಿ" ಅಂದ್ರು. ಏನು ಹೇಳೋದು. ಅವ್ರ ಫೋಟೋ ನಾಕು ತೆಗದು ಕೊಟ್ಟೆ, "ಇಕಡಿ ನೋಡ್ರಿ" ಅಂತ ಬಾಯಿ ತಾನೇ ಅಂದುಬಿಡ್ತು.

ಲುವಾಂಗ್ ಪ್ರಬಾಂಗ್ ಲಾವೋಸಿಂದು, ಮೆಕಾಂಗ್ ದಂಡಿ ಮ್ಯಾಲ. ಅಲ್ಲಿಗಿ ಮುಂಜಾನಿ ಭಿಕ್ಷಾಕ್ಕ ಹೊರಡೋ ಭಿಕ್ಷುಗಳ ಸಾಲಿನ ಫೋಟೋ ತೆಗಿಬೇಕಂತಲೇ ಎಲ್ಲಾರೂ ಹೋಗೋದು, ನಾನೂ ಅದಕ್ಕೇ ಹೋಗಿದ್ದು. ಬೀದಿಯಾಗ ಬೋರ್ಡ್ ಹಾಕ್ಯಾರ, ದೂರ ನಿಲ್ರಿ, ಫ್ಲ್ಯಾಶ್ ಹಾಕಬ್ಯಾಡ್ರಿ, ಅಡ್ಡ ಹೋಗಬ್ಯಾಡ್ರಿ. ಆದ್ರೂ ಒಬ್ಬ ಸಣ್ಣ ಸಾಮಣೇರ (ಮರಿ ಭಿಕ್ಷು) ಹುಡುಗನ ಮುಖದಿಂದ ಒಂದು ಗೇಣಿನಾಗ ಲೆನ್ಸ್ ಹಿಡದಾಂವನ್ನ ನೋಡಿದೆ. ಹುಡುಗ ಜೋಳಿಗಿ ಥರ ಪಾತ್ರಿ ಕೊರಳಿಗಿ ಹಾಕ್ಕೊಂಡು ನೆಲ ನೋಡ್ಕೋತ ಹೊಂಟಿದ್ದ. ನಾ ರಸ್ತಾದ ಆ ಕಡಿಯಿಂದ ಎರಡು ತೆಗದು ಒಳಗಿಟ್ಟೆ.

ಆ ಊರಿನಾಗ ನನ್ನ ರೂಮ್ ಇದ್ದ ಗಲ್ಲಿಯಾಗೇ ಒಂದು ಸ್ಟುಡಿಯೋ. ಗಾಜಿನೊಳಗ ಮದುಮಗಳ ರೇಷ್ಮಿ ಸೀರಿ ಥರದ ಬಟ್ಟಿ, ಬಂಗಾರ ಬಣ್ಣದ ಕಿರೀಟ, ದೊಡ್ಡ ದೊಡ್ಡ ಫ್ರೇಮ್. ಒಳಗ ನನ್ನ ವಯಸ್ಸಿನಾಂವೇ ಒಬ್ಬ ಕುರ್ಚಿಯಾಗ ಕಾಲು ಮ್ಯಾಲ ಹಾಕ್ಕೊಂಡು ಫೋನ್ ನೋಡ್ಕೋತ ಕುಂತಿದ್ದ, ಆ ಕೂಡೋ ರೀತಿ ನೋಡಿದ್ರೇ ಗೊತ್ತಾಯ್ತು, ಆರ್ಡರ್ ಇಲ್ಲ. ಒಳಗ ಹೋದೆ. ಅವನಿಗಿ ಇಂಗ್ಲಿಷ್ ನನ್ನಷ್ಟೇ, ಅಂದ್ರ ಕಮ್ಮಿ. ಮದುವಿ ಇಲ್ಲೇನು ಅಂತ ಕೈ ಮಾಡಿ ಕೇಳಿದೆ. ಇಲ್ಲ ಇಲ್ಲ, ಖಾವ್ ಫನ್ಸಾ ಬಂತು ಅಂದ. ಫನ್ಸಾ ಅಂದ್ರ ನಮ್ಮ 'ವರ್ಷಾ'ನೇ, ಮಳಿಗಾಲ. ಭಿಕ್ಷುಗಳು ಮೂರು ತಿಂಗಳು ಮಠ ಬಿಟ್ಟು ಹೊರಗ ಇರಂಗಿಲ್ಲ, ನಮ್ಮ ಚಾತುರ್ಮಾಸ ಇದ್ದಂಗ, ಆ ಮೂರು ತಿಂಗಳು ಮಂದಿ ಮದುವಿ ಇಟ್ಕೊಳಲ್ಲ. ನನ್ನ ಎದಿ ಮುಟ್ಕೊಂಡು ನಾನೂ ಮದುವಿ ಫೋಟೋಗ್ರಾಫರ್, ನಮ್ಮಲ್ಲೂ ಮದುವಿಲ್ಲ, ಅದಕ್ಕೇ ಇಲ್ಲಿಗಿ ಬಂದೀನಿ ಅಂತ ಹೇಳಲಕ್ ಹತ್ತು ನಿಮಿಷ ಬೇಕಾಯ್ತು. ತಿಳಿದ ಮ್ಯಾಲ ಆಂವ ನಕ್ಕದ್ದು ನೋಡಬೇಕಿತ್ತು.

ಮಧ್ಯಾಹ್ನ ಪೂರಾ ಅಲ್ಲೇ ಕುಂತೆ, ಹೊರಗ ಮಳಿ. ಅವ್ರ ಮದುವಿಯಾಗ ಬಾಸಿ ಅಂತ ಮಾಡ್ತಾರ, ಹಿರೇರೆಲ್ಲ ಬಂದು ಮದುಮಕ್ಕಳ ಕೈಗೆ ಬಿಳಿ ನೂಲು ಕಟ್ತಾರ, ಮಣಿಕಟ್ಟು ತುಂಬೋ ತನಕ. ನಾ ನಮ್ಮ ಕಂಕಣ ತೋರಿಸಿದೆ, ಅರಿಶಿಣ ಕೊಂಬು ಕಟ್ಟಿದ್ದು. ಸುರಿಗಿ ನೀರು ಹಾಕೋ ಫೋಟೋ ನೋಡಿ ಇದು ಯಾಕ ಅಂದ, ನನಗೂ ಸರಿ ಹೇಳ್ಲಕ್ ಬರಲಿಲ್ಲ. ಆಮ್ಯಾಲ ಆಂವ ಒಂದು ಫೋಟೋ ತೆಗದು ನನ್ನ ಮುಂದ ಹಿಡದ, ನೂಲು ಕಟ್ಟೋ ಹೊತ್ತಿಗಿ ಸರಿಯಾಗಿ ನಡುವ ಒಬ್ಬ ಹಿರೇ ಮನುಷ್ಯ, ಬೆನ್ನು ಕ್ಯಾಮೆರಾ ಕಡಿ, ಕೈಯಾಗ ಫೋನ್. ಇಬ್ರೂ ಟೇಬಲ್ ಬಡದು ಬಡದು ನಕ್ವಿ. ಬಾಕಿ ಕೊಡದ ಪಾರ್ಟಿ ಇರ್ತಾರೇನು ಅಂತ ಬೆರಳು ಉಜ್ಜಿ ಕೇಳಿದೆ, ಒಂದು ಡ್ರಾ ತೆಗದು ತೋರಿಸಿದ, ಒಯ್ಯದೇ ಬಿಟ್ಟ ಆಲ್ಬಮ್ ಹನ್ನೆರಡೋ ಹದಿಮೂರೋ.

ಆಗಸ್ಟ್ 1ಕ್ಕ ಹುಣ್ಣಿಮಿ. ಥೈಲ್ಯಾಂಡ್‌ದಾಗ ಅದಕ್ಕ ಆಸಾಳ್ಹ ಬೂಚಾ ಅಂತಾರ, ಅಂದ್ರ ಆಷಾಢ ಪೂಜಾ. ನಮ್ಮ ಆಷಾಢ ಹುಣ್ಣಿಮಿ ಜುಲೈ 3ಕ್ಕೇ ಆಗಿತ್ತು, ಅವ್ರದ್ದು ಒಂದು ತಿಂಗಳು ತಡ, ಯಾಕಂದ್ರ ಅವ್ರೂ ಆ ವರ್ಷ ಆಷಾಢನೇ ಎರಡು ಸಲ ಹಿಡದಿದ್ರು. ಲಾವೋಸ್‌ದಾಗೂ ಅವತ್ತೇ ಹಬ್ಬ, ಮುಂಜಾನಿ ಊರಿಗಿ ಊರೇ ಗುಡಿಯಾಗ, ಬೆಳ್ಳಿ ಬಟ್ಟಲದಾಗ ಅಂಟು ಅನ್ನ, ಮೇಣದ ಬತ್ತಿ, ಹೂವು. ಸ್ಟುಡಿಯೋದಾಂವ ತನ್ನ ಹೆಂಡ್ತಿ ಮಗಳ ಜೋಡಿ ಕುಂತಿದ್ದ, ಕ್ಯಾಮೆರಾ ತಂದಿರಲಿಲ್ಲ. ನನ್ನ ನೋಡಿ ಕೈ ಮಾಡಿದ, ಅವ್ರ ಮೂರು ಮಂದಿದು ಒಂದು ಫೋಟೋ ತೆಗದೆ. ಏನೂ ಹೇಳಲಿಲ್ಲ, ಅವ್ರೂ ಇಕಡಿ ನೋಡಲಿಲ್ಲ, ಮಗಳು ಅನ್ನದ ಬಟ್ಟಲದಾಗ ಬೆರಳು ಹಾಕ್ಲತ್ತಿದ್ಲು, ತಾಯಿ ಕೈ ಹಿಡ್ಕೋಲತ್ತಿದ್ಲು.

ಜಾವಾಕ್ಕ ಇಳದ ಕೂಡ್ಲೇ ಬಿಸಿಲು. ಭಾಳ ದಿನದ ಮ್ಯಾಲ ನನ್ನ ನೆರಳು ನಾ ನೋಡಿದೆ, ಕರ್ರಗ, ಅಂಚು ಹರಿತ. ಬೊರೊಬುದುರ್ ಅನ್ನೋ ದೊಡ್ಡ ಬೌದ್ಧ ಸ್ತೂಪದಾಗ ಆಗ ದಿನಕ್ಕ 1200 ಮಂದಿಗಷ್ಟೇ ಮ್ಯಾಲ ಹತ್ತಲಕ್ ಬಿಡ್ತಿದ್ರು, ಅದೂ ಗೈಡ್ ಜೋಡಿ, ಅವ್ರು ಕೊಟ್ಟ ಚಪ್ಪಲ್ ಹಾಕ್ಕೊಂಡು, ಕಲ್ಲು ಸವೀಬಾರ್ದಂತ. ಆ ಚಪ್ಪಲ್ ಹೆಸರು ಉಪಾನತ್. ಸಂಸ್ಕೃತದ ಉಪಾನಹನೇ. ನಾವು ಗುಡಿ ಹೊರಗ ಬಿಟ್ಟು ಹೋಗೋದನ್ನ ಅವ್ರು ಹಾಕ್ಕೊಂಡು ಹತ್ತ್ರಿ ಅಂತಾರ. ಕೇದಗಿ ಜಾತಿ ಎಲಿ ಹೆಣದು ಊರಿನವ್ರೇ ಮಾಡ್ತಾರ, ಹಗುರ ಅವ, ಮನಿಗಿ ತಂದೀನಿ, ಮುತ್ಯಾ ಹಾಕ್ಕೋತಾನ.

ಒಂಬತ್ತರ ಮ್ಯಾಲ ಹತ್ತಿದೆ. ಕಥಿ ಹೇಳೋ ಫಲಕ 1460 ಅವ, ಬಲಕ್ಕ ಇಟ್ಕೊಂಡು ಪ್ರದಕ್ಷಿಣಿ ಹಾಕ್ಕೋತ ಓದಬೇಕು. ನಾ ರೂಢಿ ಮ್ಯಾಲ ಮೊದಲು ದಕ್ಷಿಣದ ಗೋಡಿಗಿ ಹೋದೆ, ನಮ್ಮೂರಾಗ ವರ್ಷದಾಗ ಹೆಚ್ಚು ದಿನ ಸೂರ್ಯ ದಕ್ಷಿಣಕ್ಕೇ ವಾಲಿರ್ತಾನ, ಬೆಳಕು ಅಲ್ಲೇ. ನೋಡಿದ್ರ ಆ ಗೋಡಿ ನೆರಳಾಗ. ಗೈಡ್ ನಕ್ಕ, ಇಲ್ಲಿ ಈಗ ಸೂರ್ಯ ಉತ್ತರಕ್ಕ ಅಂದ. ಭೂಮಧ್ಯರೇಖೆ ದಾಟಿ ಬಂದೀನಿ ಅನ್ನೋದು ಪಾಸ್‌ಪೋರ್ಟ್ ಸಿಕ್ಕಾ ಹೊಡದಾಗ ಅಲ್ಲ, ಅವಾಗ ಮೈಗೆ ಹತ್ತಿತು. ಉತ್ತರದ ಗೋಡಿಗಿ ಹೋದ್ರ ಬೆಳಕು ಕಲ್ಲಿನ ಮ್ಯಾಲ ವಾರಿಯಾಗಿ ಬಿದ್ದು, ಕೆತ್ತನಿ ಎಲ್ಲಾ ಎದ್ದು ನಿಂತಿತ್ತು, ಒಂದೊಂದು ಬೆರಳಿಗಿ ಒಂದೊಂದು ನೆರಳು. ಐಎಸ್‌ಒ 100, ಎಫ್ 16. ಮೀಟರ್ ನೋಡಲಿಲ್ಲ. ಕಲ್ಲು ಕರಿದು, ಜ್ವಾಲಾಮುಖಿಂದು, ನಮ್ಮದು ಬಿಳಿ ಹಸರು, ಆದ್ರ ಆನಿ ಮೊಣಕಾಲು ಊರೋ ರೀತಿ, ಹೆಂಗಸ್ರು ಕೊಡ ಹಿಡಿಯೋ ರೀತಿ, ಕನಗನಹಳ್ಳಿಯಾಗ ನಾ ಮಂಡಿ ಊರಿ ಎಷ್ಟು ಸಲ ನೋಡಿದ್ದೆ. ಗೈಡ್‌ಗೆ ಫೋನಿನಾಗ ರಾಯೋ ಅಸೋಕೋ ತೋರಿಸಿದೆ, ಆಂವ ಭಾಳ ಹೊತ್ತು ಝೂಮ್ ಮಾಡಿ ನೋಡಿ, ಇದು ನಿಮ್ಮ ಊರಾ ಅಂದ. ನಮ್ಮ ಜಿಲ್ಲಾ ಅಂದೆ. ನಮ್ಮ ಊರಿನ ಮಂದಿಗೇ ಎಷ್ಟೋ ಮಂದಿಗಿ ಇದು ಗೊತ್ತಿಲ್ಲ ಅನ್ನೋದು ಮಾತ್ರ ಹೇಳಲಿಲ್ಲ.

ಆಗಸ್ಟ್ 13ಕ್ಕ ಮನಿ. ಒಟ್ಟು ಖರ್ಚು 2,38,000, ವಿಮಾನ ವೀಸಾ ಎಲ್ಲಾ ಹಿಡದು. ಫೋಟೋ ಹನ್ನೊಂದು ಸಾವಿರ, ಇಟ್ಕೊಂಡದ್ದು ನಲವತ್ತು. ಕಾಕಾನ ಮಗ ಎಲ್ಲಾ ನೋಡಿ, "ಅಣ್ಣಾ, ಇದರಾಗ ಅರ್ಧ ಮಂದಿ ಬೆನ್ನೇ ಅದಾವಲ್ಲೋ" ಅಂದ. ತಿಂಗಳ ಕೊನೀಗಿ ಮೊದಲ್ನೇ ಮದುವಿ ಬಂತು, ತಾಳಿ ಹೊತ್ತಿಗಿ ಒಬ್ಬ ಕಾಕಾ ಫೋನ್ ಹಿಡ್ಕೊಂಡು ಅಡ್ಡ ಬಂದ, ಸರೀರಿ ಅನ್ಲಕ್ ಬಾಯಿ ತೆಗದಾಂವ ಅನ್ಲಿಲ್ಲ, ಕಾಕಾನ ಭುಜದ ಮ್ಯಾಲಿಂದ ಆಂವನ ಫೋನೂ ಫ್ರೇಮಿನಾಗ ಬರೋ ಹಂಗ ಹೊಡದೆ. ಲುವಾಂಗ್ ಪ್ರಬಾಂಗ್‌ದಾಂವಗ ವಾಟ್ಸಾಪ್ ಮಾಡೀನಿ, ಥಂಬ್ಸ್ ಅಪ್ ಬಂದದ.

ಈಗ ಐನಾರು ಮತ್ತ ಸುದ್ದಿ ತಂದಾರ, 2026ಕ್ಕ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15, ಸೀಜನ್ ನಡು ಮಧ್ಯಕ್ಕೇ. ಆಷಾಢ ಹತ್ತೋದು ಜುಲೈ ನಡುವ, ನಡುವಿನ ನಿಜ ಜ್ಯೇಷ್ಠದಾಗ ಇದ್ದಬದ್ದ ಮದುವಿ ಎಲ್ಲಾ ತುಂಬತಾರ. ಅವ್ವ ಅದರಾಗೇ ನಂದೂ ಮುಗಿಸಿಬಿಡ್ರಿ ಅಂತ ಐನಾರ ಮುಂದ ಕುಂತಿದ್ಲು. ಹಿರೇ ಮಗನ ಮದುವಿ ಜ್ಯೇಷ್ಠದಾಗ ಮಾಡಂಗಿಲ್ಲಬೇ ಅಂದ್ರು ಅವ್ರು. ಅಧಿಕದ ಮೂವತ್ತು ದಿನಕ್ಕಂತ ನಾ ಶ್ರೀಲಂಕಾ ನಕ್ಷೆ ತೆಗದಿಟ್ಟೀನಿ, ಅವ್ವಗ ಇನ್ನ ಹೇಳಿಲ್ಲ.